ಅಡಿಕೆ ಹೇರಿದ ಪಿಕಪ್ಪು, ದೇವಿಮನೆ ಘಟ್ಟ: ವಾಹನ ಸಿಮ್ಯುಲೇಷನ್ನಿನ ಮೊದಲ ಮಾದರಿ ಕಟ್ಟುವ ಬಗೆ

ಶಿರಸಿಯಿಂದ ಕುಮಟಾಕ್ಕೆ ಅಡಿಕೆ ಹೇರಿಕೊಂಡು ಹೊರಟ ಪಿಕಪ್ ಗಾಡಿ ದೇವಿಮನೆ ಘಟ್ಟದ ತಿರುವಿನಲ್ಲಿ ಎಷ್ಟು ವೇಗಕ್ಕೆ ಜಾರುತ್ತದೆ? ಎಷ್ಟು ವೇಗಕ್ಕೆ ಮಗುಚುತ್ತದೆ? ಎರಡರಲ್ಲಿ ಯಾವುದು ಮೊದಲು? ಗಾಡಿ ಓಡಿಸಿ ನೋಡಿ ಉತ್ತರ ಕಂಡುಕೊಳ್ಳುವ ಪ್ರಶ್ನೆಗಳಲ್ಲ ಇವು. ವೆಹಿಕಲ್ ಡೈನಾಮಿಕ್ಸ್ ಸಿಮ್ಯುಲೇಷನ್, ಅಂದರೆ ಗಾಡಿಯ ಚಲನೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವುದು, ಇರುವುದೇ ಇಂಥ ಪ್ರಶ್ನೆಗಳಿಗೆ.

ನಾನು ಈ ಕೆಲಸ ಕಲಿತದ್ದು ಪುಣೆಯಲ್ಲಿ, ಈಗ ಮಾಡುತ್ತಿರುವುದು ಶಿರಸಿಯ ಮನೆಯಿಂದ. ರಜೆಗೆ ಊರಿಗೆ ಬರುವ ಇಂಜಿನಿಯರಿಂಗ್ ಮಕ್ಕಳು ಸಿಕ್ಕಾಗಲೆಲ್ಲ ಕೇಳುವುದು ಒಂದೇ: "ಅಕ್ಕ, ಯಾವ ಸಾಫ್ಟ್‌ವೇರ್ ಕಲಿತರೆ ಒಳ್ಳೇದು?" ಮೊದಲು ಒಂದು ಗಾಡಿಯನ್ನು ಅಳೆದು ಬನ್ನಿ ಎನ್ನುತ್ತೇನೆ. ಪರದೆಯ ಮೇಲೆ ಗಾಡಿ ಓಡುವ ಚಿತ್ರ ಎಷ್ಟೇ ಚೆಂದ ಇರಲಿ, ಅದರ ಹಿಂದೆ ನೀವು ತುಂಬಿದ ತೂಕ, ಎತ್ತರ, ಟೈರಿನ ಅಂಕಿ ಸುಳ್ಳಾಗಿದ್ದರೆ ಉತ್ತರವೂ ಸುಳ್ಳೇ. ಚಿತ್ರ ಚೆಂದ ಇರುವುದರಿಂದ ಆ ಸುಳ್ಳನ್ನು ಜನ ಬೇಗ ನಂಬುತ್ತಾರೆ, ಅದು ಇನ್ನೂ ಅಪಾಯ. ಹಾಗಾಗಿ ಈ ಬರಹದ ಅರ್ಧಕ್ಕರ್ಧ ಕಂಪ್ಯೂಟರಿನ ಹೊರಗೇ ನಡೆಯುತ್ತದೆ.

ಯಾವುದರಲ್ಲಿ ಮಾಡುವುದು

ಕಂಪನಿಗಳಲ್ಲಿ ಹೆಚ್ಚಾಗಿ ಕಾಣುವವು ಕಾರ್‌ಸಿಮ್, ಐಪಿಜಿಯ ಕಾರ್‌ಮೇಕರ್, ಆಡಮ್ಸ್ ಕಾರ್. ಮೊದಲಿನ ಎರಡರಲ್ಲಿ ಸಸ್ಪೆನ್ಷನ್ನಿನ (ಗಾಲಿಯನ್ನು ಗಾಡಿಗೆ ಸೇರಿಸುವ ಸ್ಪ್ರಿಂಗು, ತೋಳುಗಳ ವ್ಯವಸ್ಥೆ) ಒಂದೊಂದು ಕೀಲನ್ನೂ ಕಟ್ಟುವ ಕೆಲಸವಿಲ್ಲ. ಗಾಲಿ ಮೇಲೆ ಕೆಳಗೆ ಆಡುವಾಗ ಅದರ ಕೋನ ಹೇಗೆ ಬದಲಾಗುತ್ತದೆ ಎಂಬುದನ್ನು ಕೋಷ್ಟಕವಾಗಿ ಕೊಟ್ಟರೆ ಸಾಕು, ಲೆಕ್ಕ ಬೇಗ ಮುಗಿಯುತ್ತದೆ. ಆಡಮ್ಸ್‌ನಲ್ಲಿ ತೋಳು, ಬುಷ್, ಕೀಲು ಎಲ್ಲವನ್ನೂ ಕಟ್ಟಬೇಕು. ಸಸ್ಪೆನ್ಷನ್ ವಿನ್ಯಾಸ ಮಾಡುವವರಿಗೆ ಅದು ಬೇಕು, ನಮ್ಮ ಪ್ರಶ್ನೆಗೆ ಬೇಡ. ಇವುಗಳ ಪೂರ್ತಿ ವಾಣಿಜ್ಯ ಲೈಸೆನ್ಸ್ ವಿದ್ಯಾರ್ಥಿಯ ಕೈಗೆಟುಕುವ ಮಾತಲ್ಲ. ಕಾಲೇಜಿನಲ್ಲಿ ಇದ್ದರೆ ಬಳಸಿ. ಇಲ್ಲದಿದ್ದರೆ ಪ್ರಾಜೆಕ್ಟ್ ಕ್ರೋನೋ ಪುಕ್ಕಟೆ ಸಿಗುತ್ತದೆ, ಅದರ ವಾಹನ ವಿಭಾಗವನ್ನು ಪೈಥಾನ್‌ನಿಂದಲೇ ನಡೆಸಬಹುದು. ಇನ್ನೂ ಸರಳವಾಗಿ ಬೇಕೆಂದರೆ ಪೈಥಾನ್ ಅಥವಾ ಆಕ್ಟೇವ್‌ನಲ್ಲಿ ನೀವೇ ಬರೆದ ಎರಡು ಗಾಲಿಯ ಮಾದರಿ (ಮುಂದಿನ ಜೋಡಿಯನ್ನು ಒಂದು ಗಾಲಿ, ಹಿಂದಿನ ಜೋಡಿಯನ್ನು ಇನ್ನೊಂದು ಎಂದು ಹಿಡಿದದ್ದು). ನನ್ನ ಅನುಭವದಲ್ಲಿ ಈ ಕೊನೆಯದನ್ನು ಒಮ್ಮೆ ಸ್ವಂತ ಕೈಯಿಂದ ಬರೆದವರು ದೊಡ್ಡ ಸಾಫ್ಟ್‌ವೇರನ್ನು ಬೇರೆಯವರಿಗಿಂತ ಚೆನ್ನಾಗಿ ಬಳಸುತ್ತಾರೆ.

ಯಾವುದನ್ನೇ ತೆಗೆದುಕೊಂಡರೂ ಒಳಗಿನ ಅಂಗಗಳು ಅವೇ: ಗಾಡಿ, ಟೈರು, ರಸ್ತೆ, ಡ್ರೈವರು, ಇವೆಲ್ಲವನ್ನೂ ಮಿಲಿಸೆಕೆಂಡ್ ಲೆಕ್ಕದಲ್ಲಿ ಮುಂದಕ್ಕೆ ಸರಿಸುವ ಸಾಲ್ವರು.

ಅಳತೆ

ಇನ್ನು ಮುಂದೆ ಬರುವ ಅಂಕಿಗಳು ಉದಾಹರಣೆಗೆಂದು ಇಟ್ಟುಕೊಂಡವು. ನಮ್ಮ ಕಡೆ ಓಡಾಡುವ ಪಿಕಪ್‌ಗಳ ಅಳತೆಗೆ ಹತ್ತಿರ ಇವೆ, ಆದರೆ ನಿಮ್ಮ ಗಾಡಿಯದನ್ನು ನೀವೇ ಅಳೆಯಬೇಕು.

ಮೊದಲು ಟೇಪು ಹಿಡಿದು ವೀಲ್‌ಬೇಸ್ ಮತ್ತು ಟ್ರ್ಯಾಕ್ ಅಗಲ ತೆಗೆಯಿರಿ. ಮುಂದಿನ ಗಾಲಿಯ ಹಬ್ ಮಧ್ಯದಿಂದ ಹಿಂದಿನ ಹಬ್ ಮಧ್ಯದವರೆಗೆ 3 ಮೀಟರ್, ಎಡ ಟೈರಿನ ನಡುವಿನಿಂದ ಬಲ ಟೈರಿನ ನಡುವಿನವರೆಗೆ 1.45 ಮೀಟರ್ ಎಂದಿಟ್ಟುಕೊಳ್ಳೋಣ. ಸ್ಟಿಯರಿಂಗ್ ನೆಟ್ಟಗೆ ಇರಲಿ. ವೀಲ್‌ಬೇಸನ್ನು ಎಡಕ್ಕೂ ಬಲಕ್ಕೂ ಬೇರೆ ಬೇರೆ ಅಳೆಯಿರಿ. ಎರಡರ ನಡುವೆ ಗಣನೀಯ ವ್ಯತ್ಯಾಸ ಬಂದರೆ ಆ ಗಾಡಿ ಯಾವತ್ತೋ ಪೆಟ್ಟು ತಿಂದಿದೆ ಎಂದರ್ಥ.

ಆಮೇಲೆ ವೇಬ್ರಿಜ್. ಸಾಲು ಇಲ್ಲದ ಹೊತ್ತಿಗೆ ಹೋಗಿ ಕೇಳಿಕೊಂಡರೆ ಇಲ್ಲ ಎನ್ನುವವರು ಕಡಿಮೆ. ಇಡೀ ಗಾಡಿಯ ತೂಕ ಒಂದು ಸಲ, ಮುಂದಿನ ಗಾಲಿಗಳು ಮಾತ್ರ ತಟ್ಟೆಯ ಮೇಲೆ ಇರುವಂತೆ ಒಂದು ಸಲ, ಹಿಂದಿನವು ಮಾತ್ರ ಇರುವಂತೆ ಇನ್ನೊಂದು ಸಲ. ತೂಗುವಾಗ ಇಂಜಿನ್ ಆಫ್, ಗೇರು ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕು. ಬ್ರೇಕ್ ಹಿಡಿದೇ ತೂಗಿದರೆ ಗಾಲಿಗಳ ನಡುವೆ ಎಳೆದಾಟ ಉಳಿದುಕೊಂಡು ಅಂಕಿ ಏರುಪೇರಾಗುತ್ತದೆ. ಮುಂದಿನದು 850 ಕೆ.ಜಿ., ಹಿಂದಿನದು 650 ಕೆ.ಜಿ., ಒಟ್ಟು 1500 ಬಂತೆನ್ನಿ. ಮೂರೂ ಚೀಟಿ ತಾಳೆಯಾಗಬೇಕು. ಬಿಡಿ ಬಿಡಿ ಕೂಡಿಸಿದ್ದು ಒಟ್ಟಿಗೆ ಹೊಂದದಿದ್ದರೆ ಹೆಚ್ಚಾಗಿ ತಟ್ಟೆ ಮತ್ತು ಅದರ ಪಕ್ಕದ ನೆಲ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಗುರುತ್ವ ಕೇಂದ್ರ ಮುಂದಿನ ಅಚ್ಚಿನಿಂದ ಎಷ್ಟು ಹಿಂದಿದೆ ಎಂಬುದಕ್ಕೆ ವೀಲ್‌ಬೇಸನ್ನು ಹಿಂದಿನ ಅಚ್ಚಿನ ಪಾಲಿನಿಂದ ಗುಣಿಸಿ: 3 × 650 ÷ 1500, ಅಂದರೆ 1.3 ಮೀಟರ್.

ಗುರುತ್ವ ಕೇಂದ್ರದ ಎತ್ತರ ತೆಗೆಯುವುದು ಕಷ್ಟ, ಆದರೆ ಮಗುಚುವ ಪ್ರಶ್ನೆಯ ಜೀವ ಇರುವುದು ಅಲ್ಲೇ. ಹಿಂದಿನ ಅಚ್ಚನ್ನು ಮೇಲೆತ್ತಿ, ಮುಂದಿನ ಅಚ್ಚಿನ ಮೇಲೆ ತೂಕ ಎಷ್ಟು ಜಾಸ್ತಿಯಾಯಿತು ನೋಡುವುದು ಅದರ ಕ್ರಮ. ನಮ್ಮ ಗಾಡಿಯ ಹಿಂಭಾಗವನ್ನು ಸುಮಾರು 52 ಸೆಂ.ಮೀ. ಎತ್ತಿದರೆ ಗಾಡಿ 10 ಡಿಗ್ರಿ ವಾಲುತ್ತದೆ. ಆಗ ಮುಂದೆ 33 ಕೆ.ಜಿ. ಜಾಸ್ತಿ ತೋರಿಸಿತೆನ್ನಿ. 33 × 3 ÷ (1500 × 0.176), ಇದು ಸುಮಾರು 0.37 ಮೀಟರ್ (0.176 ಎಂಬುದು 10 ಡಿಗ್ರಿಯ ಟ್ಯಾನ್). ಇದಕ್ಕೆ ಗಾಲಿಯ ಮಧ್ಯದ ಎತ್ತರ 0.32 ಕೂಡಿಸಿದರೆ 0.69. ನಾವು 0.70 ಎಂದು ಹಿಡಿಯೋಣ. ಎತ್ತುವ ಮೊದಲು ಸ್ಪ್ರಿಂಗು ಆಡದ ಹಾಗೆ ಅಚ್ಚು ಮತ್ತು ಚಾಸಿಯ ನಡುವೆ ಗಟ್ಟಿ ಮರದ ತುಂಡು ಕೊಟ್ಟು ಬಿಗಿಯಬೇಕು, ಇಲ್ಲದಿದ್ದರೆ ಸ್ಪ್ರಿಂಗಿನ ಅದುಮು ಲೆಕ್ಕದೊಳಗೆ ಸೇರಿಕೊಳ್ಳುತ್ತದೆ. 33 ಕೆ.ಜಿ.ಯಂಥ ಸಣ್ಣ ವ್ಯತ್ಯಾಸವನ್ನು ಹಿಡಿಯಬೇಕಾದ್ದರಿಂದ 5 ಕೆ.ಜಿ. ಹೆಜ್ಜೆಯಲ್ಲಿ ತೋರಿಸುವ ವೇಬ್ರಿಜ್ ಸಾಲದು, 10 ಕೆ.ಜಿ. ಹೆಜ್ಜೆಯದ್ದಂತೂ ಆಗದು. ಗಾಲಿಯ ಕೆಳಗೆ ಇಡುವ ಚಿಕ್ಕ ತೂಕದ ಪ್ಯಾಡು ಕಾಲೇಜಿನ ಪ್ರಯೋಗಾಲಯದಲ್ಲಿ ಇದ್ದರೆ ಕೇಳಿ. ಈ ಕೆಲಸವನ್ನು ಬರೀ ಜಾಕಿನ ಮೇಲೆ ಮಾಡಬೇಡಿ. ಗ್ಯಾರೇಜಿನವರ ಜೊತೆ, ಗಟ್ಟಿ ಸ್ಟ್ಯಾಂಡು ಕೊಟ್ಟು, ಮುಂದಿನ ಗಾಲಿಗಳಿಗೆ ಎರಡೂ ಕಡೆ ಅಡ್ಡ ಕೊಟ್ಟು ಮಾಡಿ. ಎತ್ತಿದ ಗಾಡಿಯ ಕೆಳಗೆ ಯಾರೂ ನುಗ್ಗಬಾರದು.

ಹೇರಿದ ಮೇಲೆ ಹೊಸ ಎತ್ತರ ಎಷ್ಟು? ಇದಕ್ಕೆ ಮತ್ತೆ ಎತ್ತುವುದು ಬೇಡ. 1200 ಕೆ.ಜಿ. ಅಡಿಕೆ ಚೀಲ, ತೊಟ್ಟಿಯ ನೆಲ 0.8 ಮೀಟರ್ ಎತ್ತರದಲ್ಲಿ, ಚೀಲದ ಸಾಲು ಅದರ ಮೇಲೆ 0.9 ಮೀಟರ್. ಹಾಗಾದರೆ ಹೇರಿನ ಮಧ್ಯ 1.25 ಮೀಟರಿನಲ್ಲಿ. 1500 × 0.70 ಮತ್ತು 1200 × 1.25 ಕೂಡಿಸಿ 2700ರಿಂದ ಭಾಗಿಸಿದರೆ 0.94 ಮೀಟರ್. ಅಷ್ಟೇ ತೂಕದ ಕಬ್ಬಿಣದ ಸರಳು ಹೇರಿದರೆ ಹೇರಿನ ಮಧ್ಯ 0.95ರ ಆಸುಪಾಸಿನಲ್ಲೇ ಇರುತ್ತದೆ, ಒಟ್ಟು ಎತ್ತರ 0.81. ವೇಬ್ರಿಜ್ ಚೀಟಿಯಲ್ಲಿ ಎರಡೂ ಗಾಡಿ ಒಂದೇ. ತಿರುವಿನಲ್ಲಿ ಎರಡೂ ಬೇರೆ ಬೇರೆ ಗಾಡಿಗಳು.

ಹಿಂದಿನ ಲೀಫ್ ಸ್ಪ್ರಿಂಗಿನ ಬಿಗಿತ ಅಳೆಯುವುದು ನನಗೆ ತುಂಬ ಇಷ್ಟದ ಕೆಲಸ. ಹಬ್ಬಿನ ಮಧ್ಯಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಅಲ್ಲಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಅಳೆಯಿರಿ. ಹಿಂದಿನ ಅಚ್ಚಿನ ನೇರಕ್ಕೆ ತೂಗಿದ ಚೀಲಗಳನ್ನು ಒಂದೊಂದಾಗಿ ಇಡುತ್ತಾ ಹೋಗಿ, ಪ್ರತಿ ಚೀಲಕ್ಕೂ ಅಳತೆ ಬರೆದುಕೊಳ್ಳಿ. 200 ಕೆ.ಜಿ.ಗೆ 20 ಮಿ.ಮೀ. ಇಳಿದರೆ ಒಂದು ಬದಿಗೆ 100 ಕೆ.ಜಿ., ಬಿಗಿತ ಮಿ.ಮೀ.ಗೆ ಸುಮಾರು 49 ನ್ಯೂಟನ್. ಈಗ ಚೀಲಗಳನ್ನು ಒಂದೊಂದಾಗಿ ಇಳಿಸುತ್ತಾ ಮತ್ತೆ ಅಳೆಯಿರಿ. ಅದೇ ತೂಕಕ್ಕೆ ಮೊದಲಿನ ಎತ್ತರ ವಾಪಸು ಬರುವುದಿಲ್ಲ! ಪಟ್ಟಿಗಳು ಒಂದರ ಮೇಲೊಂದು ಉಜ್ಜಿಕೊಂಡು ಹಿಡಿದುಕೊಂಡಿರುತ್ತವೆ. ಗಾಡಿಯನ್ನು ಕೈಯಿಂದ ನಾಲ್ಕು ಸಲ ಅದುಮಿ ಬಿಟ್ಟರೆ ಇನ್ನೊಂದು ಅಂಕಿ. ಹೇರುವಾಗಿನ ಗೆರೆ, ಇಳಿಸುವಾಗಿನ ಗೆರೆ ಎರಡನ್ನೂ ಹಾಳೆಯ ಮೇಲೆ ಎಳೆದರೆ ನಡುವೆ ಒಂದು ತೆಳು ಎಲೆಯ ಆಕಾರ ಬರುತ್ತದೆ. ಆ ಎಲೆಯ ಅಗಲವೇ ಪಟ್ಟಿಗಳ ಉಜ್ಜಾಟ. ಮಾದರಿಯಲ್ಲಿ ಬರೀ ನೇರ ಗೆರೆಯ ಸ್ಪ್ರಿಂಗು ಕೊಟ್ಟರೆ ಸಣ್ಣ ಗುಂಡಿಗಳಲ್ಲಿ ಗಾಡಿ ನಿಜಕ್ಕಿಂತ ಮೆತ್ತಗೆ ವರ್ತಿಸುತ್ತದೆ. ಕಾರ್‌ಸಿಮ್‌ನಂಥವುಗಳಲ್ಲಿ ಈ ಉಜ್ಜಾಟ ಕೊಡಲು ಬೇರೆ ಜಾಗವೇ ಇದೆ.

ತಿರುಗುಜಡತ್ವವನ್ನು ಮನೆಯಲ್ಲಿ ಅಳೆಯಲಾಗದು. ಗಾಡಿ ಎಡಬಲಕ್ಕೆ ತಿರುಗುವ ಜಡತ್ವಕ್ಕೆ ಒಟ್ಟು ತೂಕ × ಗುರುತ್ವ ಕೇಂದ್ರದಿಂದ ಮುಂದಿನ ಅಚ್ಚಿನ ದೂರ × ಹಿಂದಿನ ಅಚ್ಚಿನ ದೂರ ಎಂಬ ಅಂದಾಜು ಶುರುವಿಗೆ ಸಾಕು. ಖಾಲಿ ಗಾಡಿಗೆ 1500 × 1.3 × 1.7, ಸುಮಾರು 3300 ಕೆ.ಜಿ. ಚದರ ಮೀಟರ್. ಇದನ್ನು ಚದರ ಮಿ.ಮೀ. ಕೇಳುವ ಸಾಫ್ಟ್‌ವೇರಿಗೆ ತುಂಬಿದರೆ ಹತ್ತು ಲಕ್ಷ ಪಟ್ಟು ವ್ಯತ್ಯಾಸ, ಮಾನದ ಮೇಲೆ ಕಣ್ಣಿರಲಿ.

ಕ್ಯಾಲ್ಕುಲೇಟರು ಮೊದಲು

ರನ್ ಬಟನ್ ಒತ್ತುವ ಮುಂಚೆ ಉತ್ತರ ಎಷ್ಟು ಬರಬೇಕೆಂದು ನಿಮಗೆ ಗೊತ್ತಿರಬೇಕು. ಇದನ್ನು ನಾನು ಬಿಟ್ಟುಕೊಡುವುದಿಲ್ಲ.

ಘಟ್ಟದ ಹೇರ್‌ಪಿನ್ ತಿರುವಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಕನಿಷ್ಠ ಒಳತ್ರಿಜ್ಯ 14 ಮೀಟರ್, ವಿನ್ಯಾಸ ವೇಗ ಗಂಟೆಗೆ 20 ಕಿ.ಮೀ. ನಾವು 15 ಮೀಟರ್ ತ್ರಿಜ್ಯ ಹಿಡಿಯೋಣ. ಮಗುಚುವ ಮಿತಿ: ಟ್ರ್ಯಾಕ್ ಅಗಲವನ್ನು ಎತ್ತರದ ಎರಡರಷ್ಟರಿಂದ ಭಾಗಿಸಿದ್ದು. ಅಡಿಕೆ ಹೇರಿದಾಗ 1.45 ÷ 1.88, ಅಂದರೆ 0.77 ಜಿ (ಜಿ ಎಂದರೆ ಗುರುತ್ವದ ವೇಗೋತ್ಕರ್ಷ, 9.81 ಮೀ./ಸೆ²). ಜಾರುವ ಮಿತಿ: ರಸ್ತೆಯ ಘರ್ಷಣ ಗುಣಾಂಕವೇ. ಒಣ ಡಾಂಬರಿಗೆ 0.8, ಮಳೆಯಲ್ಲಿ ನೆಂದದ್ದಕ್ಕೆ 0.5 ಇಡೋಣ. ಮಿತಿಯನ್ನು 9.81 ಮತ್ತು ತ್ರಿಜ್ಯದಿಂದ ಗುಣಿಸಿ ವರ್ಗಮೂಲ ತೆಗೆದರೆ ಸೆಕೆಂಡಿಗೆ ಮೀಟರ್ ಲೆಕ್ಕದ ವೇಗ, ಅದನ್ನು 3.6ರಿಂದ ಗುಣಿಸಿದರೆ ಗಂಟೆಗೆ ಕಿ.ಮೀ.

ಒಣ ರಸ್ತೆಯಲ್ಲಿ 0.77 ಎಂಬುದು 0.8ಕ್ಕಿಂತ ಕಡಿಮೆ. ಹಾಗಾಗಿ ಟೈರು ಜಾರುವ ಮೊದಲೇ ಗಾಡಿ ಮಗುಚುತ್ತದೆ, ಸುಮಾರು 38 ಕಿ.ಮೀ. ವೇಗಕ್ಕೆ. ಮಳೆಯಲ್ಲಿ 0.5 ಮೊದಲು ಬರುತ್ತದೆ, 31 ಕಿ.ಮೀ. ವೇಗಕ್ಕೆ ಜಾರುತ್ತದೆ. ಕಬ್ಬಿಣ ಹೇರಿದ ಗಾಡಿಯ ಮಿತಿ 0.89. ಅದು ಒಣ ರಸ್ತೆಯಲ್ಲೂ ಮಗುಚುವ ಮೊದಲು ಜಾರುತ್ತದೆ. ಜಾರುವ ಗಾಡಿ ಟೈರು ಕಿರುಗುಟ್ಟಿ ಡ್ರೈವರಿಗೆ ಸೂಚನೆ ಕೊಡುತ್ತದೆ. ಮಗುಚುವ ಗಾಡಿ ಒಳಗಾಲಿ ನೆಲ ಬಿಡುವ ತನಕ ಏನೂ ಹೇಳುವುದಿಲ್ಲ. ಬೇಸಿಗೆಯ ಒಣ ರಸ್ತೆಯಲ್ಲಿ ಎತ್ತರದ ಹೇರು ಯಾಕೆ ಅಪಾಯ ಎಂಬುದಕ್ಕೆ ಇಷ್ಟು ಗಣಿತ ಸಾಕು. ಇದನ್ನು ಹೇಳಿದಾಗ ಅಡಿಕೆ ಗಾಡಿಯ ಡ್ರೈವರಣ್ಣ ತಲೆಯಾಡಿಸಿ, "ಹೌದು ಅಕ್ಕ, ಮಳೆಗಾಲದಾಗೆ ಹೆದರಿ ಹೋಗ್ತೇವೆ, ಬೇಸಿಗೆಯಲ್ಲೇ ಗಾಡಿ ಬೀಳೂದು" ಎಂದರು.

ತಿರುವು ಒಳಕ್ಕೆ ಹತ್ತಕ್ಕೊಂದರಂತೆ ವಾಲಿದ್ದರೆ ಮಳೆಯ 31 ಎಂಬುದು 35ರ ಹತ್ತಿರಕ್ಕೆ ಏರುತ್ತದೆ. ಅಂಚು ಕುಸಿದು ಹೊರಕ್ಕೆ ಅಷ್ಟೇ ವಾಲಿದ್ದರೆ 27ಕ್ಕೆ ಇಳಿಯುತ್ತದೆ. ರಸ್ತೆಯ ಅಡ್ಡ ಇಳಿಜಾರನ್ನು ಬಿಟ್ಟು ಮಾಡಿದ ಘಟ್ಟದ ಸಿಮ್ಯುಲೇಷನ್ನನ್ನು ನಾನು ಓದುವುದೂ ಇಲ್ಲ.

ಟೈರು

ಗಾಡಿ ನೆಲವನ್ನು ಮುಟ್ಟುವುದು ನಾಲ್ಕು ಅಂಗೈಯಷ್ಟು ಜಾಗದಲ್ಲಿ. ಉಳಿದದ್ದೆಲ್ಲ ಆ ನಾಲ್ಕಕ್ಕೆ ಬಲ ಹಂಚುವ ವ್ಯವಸ್ಥೆ.

ಹೆಚ್ಚಿನ ಸಾಫ್ಟ್‌ವೇರುಗಳಲ್ಲಿ ಟೈರಿನ ಬಲ ಲೆಕ್ಕ ಹಾಕಲು ಸಿಗುವುದು ಮ್ಯಾಜಿಕ್ ಫಾರ್ಮುಲಾ ಎಂಬ ಸೂತ್ರ. ನೆದರ್ಲೆಂಡ್ಸಿನ ಡೆಲ್ಫ್ಟ್ ವಿಶ್ವವಿದ್ಯಾಲಯದ ಪಸೆಯ್ಕಾ ಮತ್ತು ವೋಲ್ವೊದವರು ಸೇರಿ 1987ರಲ್ಲಿ ಪ್ರಕಟಿಸಿದ್ದು. ಅದರ ನಾಲ್ಕು ಗುಣಾಂಕಗಳಲ್ಲಿ ಡಿ ಎಂಬುದು ಗರಿಷ್ಠ ಬಲ, ಸಿ ಗೆರೆಯ ಆಕಾರ, ಬಿ ಬಿಗಿತ, ಇ ಶಿಖರದ ಹತ್ತಿರದ ಬಾಗು. ಬಿ, ಸಿ, ಡಿ ಗುಣಿಸಿದರೆ ಶುರುವಿನ ಏರು ಸಿಗುತ್ತದೆ. ಟೈರು ಮುಖ ಮಾಡಿದ ದಿಕ್ಕು ಮತ್ತು ನಿಜವಾಗಿ ಹೋಗುವ ದಿಕ್ಕಿನ ನಡುವಿನ ಕೋನ ಸಣ್ಣದಿರುವಾಗ ಬಲ ನೇರವಾಗಿ ಏರುತ್ತದೆ, ಆಮೇಲೆ ಬಾಗಿ ಶಿಖರ ಮುಟ್ಟಿ ಇಳಿಯತೊಡಗುತ್ತದೆ.

ನೀವು ನೋಡಲೇಬೇಕಾದ ಗುಣ ಇನ್ನೊಂದಿದೆ. ಟೈರಿನ ಮೇಲೆ ಹೊರೆ ಎರಡರಷ್ಟಾದರೆ ಹಿಡಿತ ಎರಡರಷ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆ. ತಿರುವಿನಲ್ಲಿ ಒಳಗಾಲಿಯ ಭಾರ ಹೊರಗಾಲಿಗೆ ಹೋದಾಗ ಹೊರಗಾಲಿ ಗಳಿಸಿದ್ದಕ್ಕಿಂತ ಒಳಗಾಲಿ ಕಳೆದುಕೊಂಡದ್ದೇ ಹೆಚ್ಚು. ನಾವು ಕೈಲೆಕ್ಕದಲ್ಲಿ ಹಿಡಿದ ಒಂದೇ 0.8 ಎಂಬ ಅಂಕಿಗೆ ಇದು ಗೊತ್ತಿಲ್ಲ, ಸಾಫ್ಟ್‌ವೇರಿಗೆ ಗೊತ್ತು. ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳುವುದು ಇಂಥದ್ದಕ್ಕೇ.

ನಿಮ್ಮ ಟೈರಿನ ಪರೀಕ್ಷಾ ಅಂಕಿ ಸಿಗುವುದು ಕಷ್ಟ. ಅದೇ ಅಳತೆಯ, ಅದೇ ಹೊರೆ ಸಾಮರ್ಥ್ಯದ ಟೈರಿನ ಪ್ರಕಟಿತ ಅಂಕಿಯಿಂದ ಶುರು ಮಾಡಿ. ಆಮೇಲೆ ಬಿಗಿತವನ್ನೂ ಗರಿಷ್ಠ ಬಲವನ್ನೂ ಶೇ. 20 ಮೇಲೆ, ಶೇ. 20 ಕೆಳಗೆ ಮಾಡಿ ಪ್ರತಿ ರನ್ ಮತ್ತೆ ಓಡಿಸಿ. ಉತ್ತರ ಎಷ್ಟು ಅಲುಗಾಡಿತೋ ಅಷ್ಟನ್ನು ವರದಿಯಲ್ಲಿ ಬರೆಯಿರಿ. ಕಾರಿನ ಟೈರಿನ ಅಂಕಿಯನ್ನು ಪಿಕಪ್‌ಗೆ ಹಾಕಿ ಸುಮ್ಮನಿರುವುದು ಮಾತ್ರ ಬೇಡ.

ರಸ್ತೆಯನ್ನು ಒಳಗೆ ತರುವುದು

ಫೋನಿನ ಜಿಪಿಎಸ್ ಇಟ್ಟುಕೊಂಡು ಘಟ್ಟದ ಮೇಲಿನ ಬಂಡಲದಿಂದ ಕೆಳಗಿನ ಕತಗಾಲದವರೆಗೆ ಬೈಕಿನಲ್ಲಿ ಇಳಿದರೆ ರಸ್ತೆಯ ಗೆರೆ ಸಿಗುತ್ತದೆ. ಕಾಡಿನ ನೆರಳಿನಲ್ಲಿ ಅದು ಕೆಲವು ಮೀಟರ್ ಆಚೀಚೆ ಕುಣಿಯುತ್ತದೆ. ನಕ್ಷೆಯ ಮೇಲೆ ನೋಡಲು ಅದು ಸಾಕು, ಸಿಮ್ಯುಲೇಷನ್‌ಗೆ ಸಾಲದು. ಬಾಗು ಎಂಬುದು ಸ್ಥಾನದ ಬದಲಾವಣೆಯ ಬದಲಾವಣೆ. ಅರ್ಧ ಮೀಟರಿನ ಕುಣಿತವೂ ಅಲ್ಲಿ ದೊಡ್ಡದಾಗಿ ಕಾಣುತ್ತದೆ. ಇದು ಆಗಿದೆಯೋ ಇಲ್ಲವೋ ತಿಳಿಯಲು ಸ್ಟಿಯರಿಂಗ್ ಕೋನದ ನಕ್ಷೆ ತೆರೆಯಿರಿ. ನೇರ ರಸ್ತೆಯಲ್ಲೂ ಸ್ಟಿಯರಿಂಗ್ ಎಡಬಲ ನಡುಗುತ್ತಿದ್ದರೆ ಗೆರೆಯನ್ನು ಇನ್ನೂ ನಯ ಮಾಡಬೇಕು. ಎತ್ತರಕ್ಕೆ ಜಿಪಿಎಸ್ ಇನ್ನೂ ಕಚ್ಚಾ. ಫೋನಿನಲ್ಲಿ ವಾಯುಭಾರ ಮಾಪಕ ಇದ್ದರೆ ಅದರ ಅಂಕಿ ಮೇಲು.

ಮುಖ್ಯವಾದ ಒಂದೆರಡು ತಿರುವುಗಳ ತ್ರಿಜ್ಯವನ್ನು ಉಪಗ್ರಹ ಚಿತ್ರದಿಂದ ಪ್ರತ್ಯೇಕವಾಗಿ ತೆಗೆಯಿರಿ. ತಿರುವಿನ ಒಂದು ಭಾಗಕ್ಕೆ ಅಡ್ಡಗೆರೆ ಎಳೆದು ಅದರ ಉದ್ದ, ಗೆರೆಯ ನಡುವಿನಿಂದ ರಸ್ತೆಯವರೆಗಿನ ಆಳ ಅಳೆಯಿರಿ. ಉದ್ದ 20 ಮೀಟರ್, ಆಳ 4 ಮೀಟರ್ ಬಂದರೆ: 20ರ ವರ್ಗವನ್ನು 8 × 4ರಿಂದ ಭಾಗಿಸಿ, 4ರ ಅರ್ಧ ಕೂಡಿಸಿ. 12.5 + 2, ಅಂದರೆ 14.5 ಮೀಟರ್. ಟೇಪು ಹಿಡಿದು ಆ ತಿರುವಿನ ನಡುವೆ ನಿಲ್ಲುವ ಸಾಹಸ ಬೇಡ.

ಓಡಿಸುವುದು

ಮೊದಲ ರನ್ನಿನಲ್ಲಿ ಗಾಡಿ ಸುಮ್ಮನೆ ನಿಂತಿರಲಿ. ನಾಲ್ಕು ಗಾಲಿಯ ಲಂಬ ಬಲ ಕೂಡಿಸಿದರೆ ವೇಬ್ರಿಜ್ ಚೀಟಿಯ ತೂಕ ಬರಬೇಕು, ಮುಂದೆ ಹಿಂದೆ ಹಂಚಿಕೆಯೂ ಹೊಂದಬೇಕು. ಎರಡನೆಯದು ನೇರ ರಸ್ತೆಯಲ್ಲಿ ಸ್ಟಿಯರಿಂಗ್ ಮುಟ್ಟದೆ: ಗಾಡಿ ಪಕ್ಕಕ್ಕೆ ಎಳೆಯಬಾರದು. ಮೂರನೆಯದು 15 ಮೀಟರ್ ತ್ರಿಜ್ಯದಲ್ಲಿ ನಡಿಗೆಯ ವೇಗ. ಗಾಲಿ ತಿರುಗಬೇಕಾದ ಕೋನ ವೀಲ್‌ಬೇಸನ್ನು ತ್ರಿಜ್ಯದಿಂದ ಭಾಗಿಸಿದ್ದು, 3 ÷ 15, ಅಂದರೆ 0.2 ರೇಡಿಯನ್, ಹನ್ನೊಂದೂವರೆ ಡಿಗ್ರಿ. ಸ್ಟಿಯರಿಂಗ್ ಅನುಪಾತ 18 ಇದ್ದರೆ ಸ್ಟಿಯರಿಂಗ್ ಚಕ್ರ 205 ಡಿಗ್ರಿಯ ಆಸುಪಾಸು ತಿರುಗಬೇಕು. ಬೇರೆ ಏನೋ ಬಂದರೆ ಮುಂದೆ ಹೋಗಬೇಡಿ, ಇಲ್ಲೇ ನಿಂತು ಹುಡುಕಿ.

ಕೂಡು-ಕಳೆ ಚಿಹ್ನೆಯನ್ನೂ ಇಲ್ಲೇ ನೋಡಿಬಿಡಿ. ಐಎಸ್‌ಒ 8855 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಎಕ್ಸ್ ಅಕ್ಷ ಮುಂದಕ್ಕೆ, ವೈ ಎಡಕ್ಕೆ, ಝೆಡ್ ಮೇಲಕ್ಕೆ. ಅಮೆರಿಕದ ವಾಹನ ಇಂಜಿನಿಯರುಗಳ ಸಂಘದ ಹಳೆಯ ಎಸ್‌ಎಇ ಪದ್ಧತಿಯಲ್ಲಿ ವೈ ಬಲಕ್ಕೆ, ಝೆಡ್ ಕೆಳಕ್ಕೆ. ಟೈರಿನ ಫೈಲು ಒಂದು ಪದ್ಧತಿಯದ್ದು, ಗಾಡಿ ಇನ್ನೊಂದರದ್ದು ಆದರೆ ಟೈರು ಗಾಡಿಯನ್ನು ಹೊರಕ್ಕೆ ದೂಡುತ್ತದೆ. ಎಡಕ್ಕೆ ತಿರುಗಿಸಿ ನೋಡಿ: ಬಲಗಡೆಯ ಗಾಲಿಗಳ ಭಾರ ಏರಬೇಕು.

ಇದಾದ ಮೇಲೆ ಐಎಸ್‌ಒ 4138ರ ಸ್ಥಿರ ವೃತ್ತ ಪರೀಕ್ಷೆ. ಒಂದೇ ವೃತ್ತದಲ್ಲಿ ನಿಧಾನವಾಗಿ ವೇಗ ಏರಿಸುತ್ತಾ ಹೋಗಿ, ಅದೇ ಗೆರೆಯಲ್ಲಿರಲು ಸ್ಟಿಯರಿಂಗ್ ಎಷ್ಟು ಜಾಸ್ತಿ ಬೇಕು ನೋಡುವುದು. ಕಡಿಮೆ ಸಾಕಾಗುತ್ತಿದ್ದರೆ ಓವರ್‌ಸ್ಟಿಯರ್, ಜಾಸ್ತಿ ಬೇಕಾಗುತ್ತಿದ್ದರೆ ಅಂಡರ್‌ಸ್ಟಿಯರ್. ಖಾಲಿ ಗಾಡಿ ಮತ್ತು ಹೇರಿದ ಗಾಡಿಯ ಎರಡು ಗೆರೆಗಳನ್ನು ಒಂದೇ ನಕ್ಷೆಯಲ್ಲಿ ಇಡಿ. ನಮ್ಮ ಉದಾಹರಣೆಯಲ್ಲಿ ಹೇರಿನ ಮಧ್ಯ ಮುಂದಿನ ಅಚ್ಚಿನಿಂದ 2.6 ಮೀಟರ್ ಹಿಂದಿದ್ದರೆ ಹಿಂದಿನ ಅಚ್ಚಿಗೆ 1690 ಕೆ.ಜಿ., ಮುಂದೆ 1010 ಮಾತ್ರ. ಗಾಡಿಯ ಸ್ವಭಾವ ಓವರ್‌ಸ್ಟಿಯರ್ ಕಡೆಗೆ ಸರಿಯುವುದು ಗೆರೆಯಲ್ಲಿ ಕಣ್ಣಿಗೆ ಬೀಳುತ್ತದೆ.

ಈಗ ಘಟ್ಟದ ತಿರುವು. ವೇಗ 20ರಿಂದ 40 ಕಿ.ಮೀ.ವರೆಗೆ ಎರಡೆರಡು ಏರಿಸುತ್ತಾ, ಒಣ ಮತ್ತು ಒದ್ದೆ ರಸ್ತೆ, ಅಡಿಕೆ ಮತ್ತು ಕಬ್ಬಿಣ, ಎಲ್ಲ ಜೋಡಣೆಯನ್ನೂ ಓಡಿಸಿ. ಅನಿಮೇಷನ್ ಮುಚ್ಚಿಡಿ. ಒಳಗಾಲಿಗಳ ಲಂಬ ಬಲದ ನಕ್ಷೆ ತೆರೆದಿಡಿ. ಅದು ಸೊನ್ನೆ ಮುಟ್ಟಿದ ಕ್ಷಣವೇ ಗಾಲಿ ನೆಲ ಬಿಟ್ಟ ಕ್ಷಣ. ಸಿಮ್ಯುಲೇಷನ್ ಹೇಳುವ ಮಗುಚುವ ವೇಗ ಕೈಲೆಕ್ಕದ 38ಕ್ಕಿಂತ ಕಡಿಮೆಯೇ ಬರಬೇಕು. ಗಾಡಿ ಹೊರಕ್ಕೆ ವಾಲಿದಾಗ ಗುರುತ್ವ ಕೇಂದ್ರವೂ ಹೊರಕ್ಕೆ ಸರಿಯುತ್ತದೆ, ಟೈರೂ ಪಕ್ಕಕ್ಕೆ ಬಾಗುತ್ತದೆ, ಇವೆರಡೂ ಕೈಲೆಕ್ಕದಲ್ಲಿ ಇರಲಿಲ್ಲ. ಸಮತಟ್ಟು ರಸ್ತೆಯಲ್ಲಿ 38ಕ್ಕಿಂತ ಜಾಸ್ತಿ ಬಂದರೆ ಮಾದರಿಯಲ್ಲಿ ಏನೋ ತಪ್ಪಿದೆ.

ಡ್ರೈವರ್ ಮಾದರಿಯಲ್ಲಿ ಮುನ್ನೋಟದ ಸಮಯ ಎಂಬ ಅಂಕಿ ಇರುತ್ತದೆ, ಎಷ್ಟು ಮುಂದಿನ ರಸ್ತೆ ನೋಡಿ ಸ್ಟಿಯರಿಂಗ್ ತಿರುಗಿಸಬೇಕು ಎಂಬುದು. ಹೆದ್ದಾರಿಗೆ ಹೊಂದುವ ಅಂಕಿಯನ್ನು ಹೇರ್‌ಪಿನ್‌ಗೆ ಹಾಕಿದರೆ ಗಾಡಿ ತಿರುವನ್ನು ಕತ್ತರಿಸಿ ಒಳಗಿನ ಚರಂಡಿಗೆ ಇಳಿಯುತ್ತದೆ. 30 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡ್ ಅಂದರೆ ಎಂಟು ಮೀಟರ್ ಚಿಲ್ಲರೆ. ಅದಕ್ಕಿಂತ ದೂರ ನೋಡುವ ಡ್ರೈವರ್ ಬೇಡ.

ಬ್ರೇಕು

ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಭಾರ ಮುಂದಕ್ಕೆ ಹೋಗುತ್ತದೆ. ಅರ್ಧ ಜಿಯಷ್ಟು ಬ್ರೇಕಿಗೆ 2700 × 0.5 × 0.94 ÷ 3, ಅಂದರೆ 423 ಕೆ.ಜಿ. ಹಿಂದಿನ ಅಚ್ಚಿನಿಂದ ಮುಂದಿನದಕ್ಕೆ. ತಿರುವಿನಲ್ಲೇ ಬ್ರೇಕ್ ಹಿಡಿದರೆ ಟೈರಿನ ಇರುವ ಹಿಡಿತವನ್ನು ತಿರುಗುವುದಕ್ಕೂ ನಿಲ್ಲುವುದಕ್ಕೂ ಹಂಚಬೇಕು. ಹಗುರಾದ ಹಿಂದಿನ ಗಾಲಿ ಮೊದಲು ಲಾಕ್ ಆದರೆ ಗಾಡಿ ಹಿಂದುಮುಂದಾಗಿ ತಿರುಗುತ್ತದೆ. ಎಷ್ಟೋ ಪಿಕಪ್‌ಗಳಲ್ಲಿ ಹೇರಿಗೆ ತಕ್ಕಂತೆ ಹಿಂದಿನ ಬ್ರೇಕನ್ನು ಹೊಂದಿಸುವ ವಾಲ್ವ್ ಇರುತ್ತದೆ, ಗ್ಯಾರೇಜಿನವರು ಎಲ್‌ಎಸ್‌ಪಿವಿ ಎನ್ನುತ್ತಾರೆ. ಅದನ್ನು ಮಾದರಿಗೆ ಸೇರಿಸಿ, ಅದು ಹಿಡಿದುಕೊಂಡು ಕೆಲಸ ಮಾಡದ ಸ್ಥಿತಿಯನ್ನೂ ಒಂದು ರನ್ ಮಾಡಿ.

ಕಾವಿನ ಲೆಕ್ಕ ಪ್ರತ್ಯೇಕ. 2700 ಕೆ.ಜಿ. ಗಾಡಿ 400 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಒಂದು ಕೋಟಿ ಜೂಲಿಗಿಂತ ಹೆಚ್ಚು, ಕರೆಂಟ್ ಬಿಲ್ಲಿನ ಮಾತಲ್ಲಿ ಸುಮಾರು 3 ಯೂನಿಟ್. ಶೇ. 6 ಇಳಿಜಾರಿನಲ್ಲಿ 30 ಕಿ.ಮೀ. ವೇಗ ಕಾಯ್ದುಕೊಳ್ಳಲು ಟೈರಿನ ಉರುಳು ತಡೆ ಕಳೆದ ಮೇಲೂ ಹತ್ತು ಕಿಲೋವಾಟ್ ಚಿಲ್ಲರೆ ಶಕ್ತಿಯನ್ನು ಇಂಜಿನ್ನು ಮತ್ತು ಬ್ರೇಕು ನುಂಗಬೇಕು. ಯಾವ ಗೇರಿನಲ್ಲಿ ಇಂಜಿನ್ ಎಷ್ಟು ನುಂಗುತ್ತದೆ ಎಂದು ಗೇರಿಗೊಂದು ರನ್ ಮಾಡಿ ನೋಡಿ. ಹತ್ತುವ ಗೇರಿನಲ್ಲೇ ಇಳಿಯಿರಿ ಎಂಬ ಹಳೆ ಡ್ರೈವರುಗಳ ಮಾತಿಗೆ ಆಗ ಕಿಲೋವಾಟ್‌ನಲ್ಲಿ ಪುರಾವೆ ಸಿಗುತ್ತದೆ.

ನಿಜ ಗಾಡಿಯ ಜೊತೆ ಹೋಲಿಕೆ

ಘಟ್ಟದಲ್ಲಿ ಮಿತಿ ಪರೀಕ್ಷಿಸಬಾರದು ಎಂದೆ. ಆದರೆ ಮಿತಿಗಿಂತ ತುಂಬ ಕೆಳಗೆ, ಖಾಲಿ ಮೈದಾನದಲ್ಲಿ, ಅನುಮತಿ ಪಡೆದು ಹೋಲಿಕೆ ಮಾಡಲೇಬೇಕು. ಫೋನನ್ನು ಗಾಡಿಯ ನೆಲಕ್ಕೆ, ಗುರುತ್ವ ಕೇಂದ್ರದ ಹತ್ತಿರ, ಅಲುಗಾಡದಂತೆ ಟೇಪು ಸುತ್ತಿ ಕೂರಿಸಿ. ಸೆನ್ಸರ್ ದಾಖಲಿಸುವ ಆ್ಯಪ್ ಯಾವುದಾದರೂ ಆಗುತ್ತದೆ. 30 ಮೀಟರ್ ತ್ರಿಜ್ಯದ ವೃತ್ತದಲ್ಲಿ 20 ಕಿ.ಮೀ. ವೇಗದಲ್ಲಿ ಹೋದರೆ ತಿರುಗುವ ದರ ಸೆಕೆಂಡಿಗೆ 10.6 ಡಿಗ್ರಿ, ಪಕ್ಕದ ವೇಗೋತ್ಕರ್ಷ 1.03 ಮೀ./ಸೆ² ಇರಬೇಕು. ತಿರುಗುವ ದರ ಚೆನ್ನಾಗಿ ಹೊಂದುತ್ತದೆ. ವೇಗೋತ್ಕರ್ಷ ಮಾತ್ರ ಜಾಸ್ತಿ ತೋರಿಸುತ್ತದೆ, ಯಾಕೆಂದರೆ ಗಾಡಿ ಹೊರಕ್ಕೆ ವಾಲಿದಾಗ ಗುರುತ್ವದ ಒಂದು ಪಾಲು ಸೆನ್ಸರಿನ ಪಕ್ಕದ ಅಕ್ಷಕ್ಕೆ ಬೀಳುತ್ತದೆ. 2 ಡಿಗ್ರಿ ವಾಲಿದರೆ 0.34 ಹೆಚ್ಚುವರಿ. ಅದನ್ನು ಕಳೆಯದೆ ಮಾದರಿಯ ಟೈರನ್ನು ತಿದ್ದಲು ಹೋದರೆ ಸರಿಯಿದ್ದದ್ದು ಕೆಡುತ್ತದೆ. ತಿದ್ದುವಾಗ ಅಳೆದ ಅಂಕಿಗಳನ್ನು ಮುಟ್ಟಬೇಡಿ. ಅಂದಾಜು ಮಾಡಿದ್ದನ್ನು, ಅಂದರೆ ಟೈರಿನ ಬಿಗಿತ, ತಿರುಗುಜಡತ್ವ, ಡ್ಯಾಂಪರು (ಶಾಕ್ ಅಬ್ಸಾರ್ಬರು), ಇವನ್ನು ಮಾತ್ರ ಸರಿಸಿ, ಒಂದು ಸಲಕ್ಕೆ ಒಂದನ್ನು.

ಫಲಿತಾಂಶವನ್ನು ಗಾಡಿ ಓಡಿಸುವವರಿಗೆ ಹೇಳುವಾಗ ಜಿ ಲೆಕ್ಕ ಬೇಡ, ಸ್ಪೀಡೋಮೀಟರಿನ ಅಂಕಿ ಹೇಳಿ, ಅದೂ ಅಂಚಿನ ಅಂಕಿಯನ್ನಲ್ಲ. ನಿಮ್ಮ ಟೈರಿನ ಅಂದಾಜು, ರಸ್ತೆಯ ಕೆಸರು, ಉದುರಿದ ಎಲೆ, ಎದುರಿಗೆ ಬಂದ ಬಸ್ಸಿಗೆ ದಾರಿ ಬಿಡುವ ಕ್ಷಣ, ಇವೆಲ್ಲಕ್ಕೂ ಜಾಗ ಬಿಟ್ಟು ಹೇಳಬೇಕು. ಸಿಮ್ಯುಲೇಷನ್ ಒದ್ದೆ ರಸ್ತೆಯನ್ನು ಬರೀ ಕಡಿಮೆ ಘರ್ಷಣೆಯಾಗಿ ನೋಡುತ್ತದೆ. ರಸ್ತೆಗೆ ಅಡ್ಡ ಹರಿಯುವ ಕೆಂಪು ನೀರು ಅದಕ್ಕೆ ಗೊತ್ತಿಲ್ಲ. ನಮ್ಮ ಉದಾಹರಣೆಯ ಗಾಡಿಗೆ ನಾನು ಹೇಳುವ ವೇಗ ರಸ್ತೆ ಒಣಗಿದ್ದರೂ ಒದ್ದೆಯಿದ್ದರೂ 20. ಹೇಗಿದ್ದರೂ ಆ ತಿರುವನ್ನು ವಿನ್ಯಾಸ ಮಾಡುವುದೂ ಆ ವೇಗಕ್ಕೇ.

ಡ್ರೈವರಣ್ಣ ಆಮೇಲೆ ಕೇಳಿದ್ದು ನೀರಿನ ಟ್ಯಾಂಕರಿನ ಬಗ್ಗೆ, ಅರ್ಧ ತುಂಬಿದ್ದು. ಅದಕ್ಕೆ ಈ ಮಾದರಿ ನಡೆಯುವುದಿಲ್ಲ. ಚೀಲ ಇದ್ದಲ್ಲೇ ಇರುತ್ತದೆ, ನೀರು ತಿರುವಿನಲ್ಲಿ ಹೊರಬದಿಗೆ ಏರಿ ಗುರುತ್ವ ಕೇಂದ್ರವನ್ನು ಜೊತೆಗೇ ಒಯ್ಯುತ್ತದೆ, ಸ್ಟಿಯರಿಂಗ್ ನೇರ ಮಾಡಿದ ಮೇಲೂ ತೂಗಾಡುತ್ತಿರುತ್ತದೆ. ಅರ್ಧ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಹಗುರವಾಗಿದ್ದೂ ಕೆಲವು ತಿರುವುಗಳಲ್ಲಿ ಅದಕ್ಕಿಂತ ಕೆಟ್ಟದಾಗಬಹುದು. ಹೇರನ್ನು ಗಾಡಿಗೆ ಬಿಗಿಯುವ ಬದಲು ಲೋಲಕದಂತೆ ನೇತುಹಾಕಿ, ಟ್ಯಾಂಕಿನ ಅಡ್ಡಗಲ ಮತ್ತು ನೀರಿನ ಮಟ್ಟಕ್ಕೆ ತಕ್ಕಂತೆ ಲೋಲಕದ ಉದ್ದ ಹೊಂದಿಸಿ ಮೊದಲ ಅಂದಾಜು ಮಾಡಬಹುದು. ಪಿಕಪ್ಪಿನ ಮಾದರಿ ವೇಬ್ರಿಜ್ ಚೀಟಿಗೆ ತಾಳೆಯಾದ ಮೇಲೆ ಆ ಲೋಲಕ ಸೇರಿಸುವುದು ಒಂದು ವಾರದ ಕೆಲಸ.